‘ಲೀವ್’ ಪದ ಕಲಿತ ಭಾನುವಾರ

ಡೊಂಗ್ಗುವಾನ್
ಮೇ ೧೪

ಪ್ರೀತಿಯ ದೌದೌ ಕಂದಾ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತಾ? ಅಜ್ಜಿಯ ಮಂಡಿನೋವು ಹೇಗಿದೆ? ಹುಳಿಸಾರಿಗೆ ಅಷ್ಟೊಂದು ಖಾರ ಹಾಕಬೇಡ ಅಂತ ಅವಳಿಗೆ ಹೇಳು. ಬೈಸಿಕೊಳ್ಳುತ್ತೀಯ, ಆದರೂ ಹೇಳು. ನೀನು ನನ್ನ ಫೋನ್ ಎತ್ತುತ್ತಿಲ್ಲ. ಎತ್ತು ಅನ್ನಲು ನನಗೆ ಮುಖವೂ ಇಲ್ಲ. ಅದಕ್ಕೇ ಈ ಕಾಗದ.

ನಮ್ಮ ಶೂ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಬೇಕಾದರೆ ಇಂಗ್ಲಿಷ್ ಬರಬೇಕು. ಮಕ್ಕಳಿರುವ ಹೆಂಗಸರು ಪದೇ ಪದೇ ರಜೆ ಕೇಳುತ್ತಾರೆಂದು ಮ್ಯಾನೇಜರಿಗೆ ಸಿಡುಕು. ಹಾಗಾಗಿ ಭಾನುವಾರದ ಇಂಗ್ಲಿಷ್ ಕ್ಲಾಸಿನಲ್ಲಿ ನಾನು ನಿನ್ನ ಸುದ್ದಿಯನ್ನೇ ಎತ್ತಿರಲಿಲ್ಲ. ಅವತ್ತು ಕ್ವಾಂಗ್ ಮೇಡಂ ‘ಲೀವ್’ ಅನ್ನುವ ಕ್ರಿಯಾಪದ ಹೇಳಿಕೊಡುತ್ತಿದ್ದರು. ನಮ್ಮ ಚೀನೀ ಭಾಷೆಯಲ್ಲಿ ಹೊರಡುವುದಕ್ಕೆ ಒಂದು ಮಾತು, ಬಿಟ್ಟು ಹೋಗುವುದಕ್ಕೆ ಇನ್ನೊಂದು. ಇಂಗ್ಲಿಷಿನಲ್ಲಿ ಎರಡಕ್ಕೂ ಅದೊಂದೇ. ಅಷ್ಟರಲ್ಲಿ ನಿನ್ನ ವಿಡಿಯೋ ಕಾಲ್ ಬಂತು. ಕೈತಪ್ಪಿ ಒತ್ತಿಬಿಟ್ಟೆ. “ಅಮ್ಮಾ, ಗಣಿತದಲ್ಲಿ ನಾನೇ ಫಸ್ಟು!” ಅಂತ ಇಡೀ ಕ್ಲಾಸಿಗೆ ಕೇಳುವ ಹಾಗೆ ನೀನು ಕೂಗಿದೆ. ಕಾರ್ಖಾನೆಯಲ್ಲಿ ನನ್ನ ಲೈನಿನಲ್ಲೇ ಕೆಲಸ ಮಾಡುವ ಲುವೋ ಪಕ್ಕದಲ್ಲಿದ್ದಳು. “ಏನೇ, ಕದ್ದುಮುಚ್ಚಿ ಮಗಳನ್ನ ಇಟ್ಕೊಂಡಿದ್ದೀಯಾ?” ಅಂತ ನಕ್ಕಳು. “ಅಯ್ಯೋ, ನಮ್ಮಕ್ಕನ ಮಗಳು ಕಣೇ. ಎಲ್ಲರನ್ನೂ ಅಮ್ಮಾ ಅಂತಾಳೆ” ಅಂದುಬಿಟ್ಟೆ. ಫೋನ್ ಇನ್ನೂ ಆಫ್ ಆಗಿರಲಿಲ್ಲ. ನಿನ್ನ ನಗು ಹಾಗೇ ನಿಂತುಹೋದದ್ದು ಕಂಡಿತು. ಆಮೇಲೆ ನೀನೇ ಕಾಲ್ ಕಟ್ ಮಾಡಿದೆ.

ಮೇಡಂ ಪಾಠ ಮುಂದುವರಿಸಿದರು. “ಹಿಂದೆ ಈ ಪದಕ್ಕೆ ಹೊರಟುಹೋಗೋದು ಅನ್ನೋ ಅರ್ಥ ಇರಲಿಲ್ಲ. ಉಳಿಸಿ ಹೋಗೋದು ಅಂತಿತ್ತು, ಸತ್ತವರು ಮನೆಯವರಿಗೆ ಆಸ್ತಿ ಉಳಿಸಿ ಹೋಗ್ತಾರಲ್ಲ, ಹಾಗೆ. ಎಲ್ಲಿ, ಒಬ್ಬೊಬ್ಬರೂ ಒಂದು ವಾಕ್ಯ ಹೇಳಿ.” ಕೆಲಸ ಮುಗಿಸಿ ಆರಕ್ಕೆ ಹೊರಡುತ್ತೇನೆ ಅಂದಳು ಲುವೋ. ನನ್ನ ಸರದಿ ಬಂದಾಗ ಎದ್ದು ನಿಂತು, ನಾನು ನನ್ನ ಮಗಳನ್ನು ನನ್ನ ಅಮ್ಮನ ಹತ್ತಿರ ಬಿಟ್ಟು ಬಂದಿದ್ದೇನೆ ಅಂತ ಇಂಗ್ಲಿಷಿನಲ್ಲಿ ಹೇಳಿದೆ. “ವಾಕ್ಯ ಸರಿಯಾಗಿದೆ” ಅಂದರು ಮೇಡಂ, ಮೆಲ್ಲಗೆ. ಅವರೆಲ್ಲರ ಎದುರು ತಲೆತಗ್ಗಿಸಿದ್ದು ದೊಡ್ಡದಲ್ಲ ಕಂದಾ. ನಿನಗೆ ಕೇಳಿಸಿದ್ದು ನನ್ನ ಮೊದಲನೆಯ ಮಾತು, ಎರಡನೆಯದಲ್ಲ. ಅದನ್ನು ನೆನೆದಾಗಲೆಲ್ಲ ಕೈಯಲ್ಲಿನ ಕೆಲಸ ನಿಲ್ಲುತ್ತದೆ.

ಗಣಿತದಲ್ಲಿ ಫಸ್ಟ್ ಬಂದ ನನ್ನ ಮಗಳು ನೂರು ಕಾಲ ಚೆನ್ನಾಗಿರಲಿ. ಅಜ್ಜಿಗೆ ನಮಸ್ಕಾರ ತಿಳಿಸು.

ನಿನ್ನ ಅಮ್ಮ,
ತ್ಸಾಯ್‌ಯುನ್

ತಾ.ಕ.: ಸೂಪರ್‌ವೈಸರ್ ಕೆಲಸ ಲುವೋಗೆ ಆಯಿತು. ನಾನು ಮ್ಯಾನೇಜರ ಹತ್ತಿರ ಹೋಗಿ, ಮಗಳನ್ನು ನೋಡಬೇಕು ಅಂತಲೇ ರಜೆ ಕೇಳಿದೆ. ಶನಿವಾರ ಬರುತ್ತೇನೆ. ಇಲ್ಲಿಯ ಶಾಲೆಗೆ ಸೇರುವ ಮನಸ್ಸಿದ್ದರೆ ಕರೆದುಕೊಂಡೇ ಬರುತ್ತೇನೆ, ಇಲ್ಲದಿದ್ದರೆ ಬಲವಂತವಿಲ್ಲ. ಮಾತಾಡಿಸದಿದ್ದರೂ ಸರಿ, ಬಾಗಿಲು ಮಾತ್ರ ಹಾಕಿಕೊಳ್ಳಬೇಡ.