ಹನ್ನೊಂದೂವರೆಗೆ ಬರವಣಿಗೆ

ಮನೆ, ಊಟದ ಮೇಜು
ಮಂಗಳವಾರ, ಹದಿನಾಲ್ಕನೇ ತಾರೀಖು, ಬೆಳಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯೆ? ಹಡಗಿನ ಎಂಜಿನ್ ಕೋಣೆಯ ಶಾಖಕ್ಕೆ ಬರುತ್ತಿದ್ದ ತಲೆನೋವು ಕಡಿಮೆಯಾಯಿತೇ? ಕೈಯ ಸುಟ್ಟ ಗಾಯ ಒಣಗಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡು ತಾಯಿ. ಯಂತ್ರಕ್ಕೆ ಎಣ್ಣೆ ಕುಡಿಸುವ ಭರದಲ್ಲಿ ನಿನ್ನ ಹೊಟ್ಟೆಯನ್ನು ಮರೆಯಬೇಡ. ನಾನು ಗುಂಡುಕಲ್ಲಿನಂತಿದ್ದೇನೆ. ನಿನ್ನ ಮಗಳು, ನಮ್ಮ ಸೂಜಿ, ಒಂದಂಗುಲ ಉದ್ದವಾಗಿದ್ದಾಳೆ. ಅಗಲ ಮಾತ್ರ ನೀನು ಬಿಟ್ಟುಹೋದಷ್ಟೇ. ಒಂಬತ್ತು ವರ್ಷದ ಆ ಜೀವಕ್ಕೆ ನೀನಿಟ್ಟ ಅಡ್ಡಹೆಸರು ಎಷ್ಟು ಒಪ್ಪುತ್ತದೆ ಗೊತ್ತೇ: ತೆಳ್ಳಗೆ, ಚೂಪಾಗಿ, ಮನೆಯಲ್ಲಿ ಎಲ್ಲಿದ್ದಾಳೆಂದು ಕಾಣುವುದೇ ಇಲ್ಲ.

ಈಗ ಕೇಳು ಮಗಳೇ, ಕಿವಿಗೊಟ್ಟು ಕೇಳು! ಪರದೆ ಮೇಲೇರಿದೆ, ದೀಪದ ಬೆಳಕು ಮುಖಕ್ಕೆ ಬಡಿದಿದೆ, ನಲವತ್ತು ವರ್ಷ ನಾಟಕ ಕಂಪನಿಯಲ್ಲಿ ಗುಡುಗಿದ ನಿನ್ನಪ್ಪ ಮೊದಲ ಮಾತಿಗೇ ತಡಕಾಡುತ್ತಿದ್ದಾನೆ. ಫೋನಿನಲ್ಲಿ ಹೇಳೋಣವೆಂದರೆ ನಿನಗೆ ಸಿಗುವುದು ವಾರಕ್ಕೆ ಐದು ನಿಮಿಷ. ಆ ಐದು ನಿಮಿಷವೂ ಸೂಜಿ ನನ್ನ ಮೊಣಕೈಗೆ ಅಂಟಿಕೊಂಡೇ ಇರುತ್ತಾಳೆ. ಅವಳ ಮುಂದೆ ಹೇಳುವ ಮಾತಲ್ಲ ಇದು.

ಗೋಡೆಗೆ ನೀನು ಅಂಟಿಸಿಹೋದ ವೇಳಾಪಟ್ಟಿಯಿದೆಯಲ್ಲ? ಒಂಬತ್ತಕ್ಕೆ ಲೆಕ್ಕ, ಹತ್ತಕ್ಕೆ ಓದು, ಹತ್ತೂವರೆಗೆ ವಿಜ್ಞಾನ, ಹನ್ನೊಂದೂವರೆಗೆ 'ಬರವಣಿಗೆ, ಸ್ವಂತವಾಗಿ'. ಆ ಕೊನೆಯ ಚೌಕ ಮೊದಲ ತಿಂಗಳೆಲ್ಲ ನಮ್ಮ ಕೈಗೇ ಸಿಗಲಿಲ್ಲ. ಭಾಗಾಕಾರ ಉಕ್ಕಿ ಓದಿನ ಮೇಲೆ ಚೆಲ್ಲುತ್ತಿತ್ತು, ಓದು ವಿಜ್ಞಾನದ ಮೇಲೆ, ಅಷ್ಟರಲ್ಲಿ ಒಲೆಯ ಮೇಲಿನ ಹಾಲು ನಿಜವಾಗಿಯೇ ಉಕ್ಕುತ್ತಿತ್ತು. ಬರವಣಿಗೆಯನ್ನು ಒಂಬತ್ತಕ್ಕೆ ತಂದೆ. ಅವಳು ಪೆನ್ಸಿಲ್ ಚೂಪು ಮಾಡುವುದರಲ್ಲೇ ಅರ್ಧ ಗಂಟೆ ಕಳೆದಳು. ಊಟದ ನಂತರಕ್ಕೆ ತಳ್ಳಿದೆ. ನಾನೇ ಗೊರಕೆ ಹೊಡೆದೆ. ಕೊನೆಗೆ ನನಗೆ ಗೊತ್ತಿರುವ ಒಂದೇ ದಾರಿ ಹಿಡಿದೆ: ನಾನು ಹೇಳುವುದು, ಅವಳು ಬರೆಯುವುದು. ಕಂಪನಿಯಲ್ಲಿ ನಾವು ಮಾತು ಕಲಿತದ್ದೂ ಹಾಗೆಯೇ ತಾನೆ, ಇನ್ನೊಬ್ಬರ ಬಾಯಿಂದ! ನಾಲ್ಕು ನೋಟ್‌ಬುಕ್ ತುಂಬಿದವು. 'ಮಾತೆಯೇ, ನಿನ್ನ ಅಗಲಿಕೆಯಿಂದ ಈ ಗೃಹವು ಕಳೆಗುಂದಿದೆ' ಎಂಬ ಅವಳ ಪತ್ರಕ್ಕೆ ಹೋದ ತಿಂಗಳು ನೀನು ಕಣ್ಣೀರು ಹಾಕಿದೆಯಲ್ಲ, ಅದರ ಕರ್ತೃ ಯಾರೆಂದು ಇನ್ನು ಬಚ್ಚಿಟ್ಟು ಫಲವಿಲ್ಲ. ನಾನೇ.

ಹೋದ ಗುರುವಾರ, ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುವ ಮಕ್ಕಳ ಪಾಠ ನೋಡುವ ಪರೀಕ್ಷಕಿ ಬಂದರು, ಕನ್ನಡಕವನ್ನು ದಾರದಲ್ಲಿ ಕುತ್ತಿಗೆಗೆ ತೂಗುಹಾಕಿಕೊಂಡ ಮೆಲುದನಿಯ ಹೆಂಗಸು. 'ನನ್ನ ಬೆಕ್ಕು' ಪ್ರಬಂಧ ತೆರೆದರು. 'ಎಲೈ ಮಾರ್ಜಾಲವೇ, ನಿನ್ನ ಮೀಸೆಯ ಪೌರುಷವೆಂಥದು!' ಎರಡನೇ ಸಾಲಿಗೆ ಕಣ್ಣು ಮೇಲೆತ್ತಿ, "ಈ ಬೆಕ್ಕು ಮಗೂದಾ, ನಿಮ್ದಾ ಯಜಮಾನ್ರೇ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ನಿನ್ನ ಸತ್ಯವಂತೆ ಮಗಳು, "ನಮ್ಮನೇಲಿ ಬೆ... ಬೆಕ್ಕೇ ಇಲ್ಲ" ಎಂದಳು. ಪರೀಕ್ಷಕಿ ನಕ್ಕರು, ಆಮೇಲೆ ನಗು ನಿಲ್ಲಿಸಿದರು. "ಇನ್ನೊಂದು ವಾರ ಕೊಡ್ತೀನಿ. ಮಗು ತಾನಾಗಿ ಬರ್ದಿದ್ದು ಹತ್ತು ತುಣುಕು ಬೇಕು, ತಾರೀಖು ಹಾಕಿ. ಒಂದೊಂದು ಸಾಲಾದ್ರೂ ಸಾಕು. ಇಲ್ದಿದ್ರೆ ಮುಂದಿನ ಅವಧಿಯಿಂದ ಶಾಲೆಗೇ ಕಳಿಸ್ಬೇಕಾಗುತ್ತೆ." ಯಾವ ಶಾಲೆಗೆ? ಇವಳು ತೊದಲುತ್ತಾಳೆಂದು ಮೂವತ್ತು ಬಾಯಿಗಳು ಒಟ್ಟಿಗೆ ಅಣಕಿಸಿದ ಅದೇ ಶಾಲೆಗೆ. ದಿನಾ ಬೆಳಗ್ಗೆ ಶೂ ಹಾಕುವಾಗ ವಾಂತಿ ಮಾಡಿಕೊಳ್ಳುತ್ತಿದ್ದಳಲ್ಲ, ಆ ಬೆಳಗುಗಳಿಗೆ.

ಅಂದಿನಿಂದ ದಿನವೂ ಹನ್ನೊಂದೂವರೆಗೆ ಅವಳನ್ನು ಇದೇ ಮೇಜಿಗೆ ಕೂರಿಸಿ, ನಾನು ಬಾಗಿಲಾಚೆ ಬಾಯಿಗೆ ಟವೆಲ್ ತುರುಕಿಕೊಂಡು ನಿಂತೆ. ಮೌನಪಾತ್ರ ನನಗೆ ಒಗ್ಗಿದ್ದಲ್ಲ, ನಿನಗೆ ಗೊತ್ತು. ಹನ್ನೆರಡಕ್ಕೆ ಒಳಗೆ ಹೋದರೆ ಹಾಳೆ ಹಾಗೆಯೇ ಬೆಳ್ಳಗೆ. "ತಾತಾ, ನೀವು ಹೇಳದೇ ಇದ್ರೆ ನಾನೇನು ಬರೀಲಿ?" ಮೂರನೇ ದಿನ ಆ ಮಾತು ಕೇಳಿ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಮಗುವಿನ ಬಾಯಿಗೆ ನಾನೇ ನನ್ನ ಮಾತು ತುಂಬಿ ಬಿರಡೆ ಹಾಕಿಬಿಟ್ಟೆನೇ?

ಆದರೆ ಮಗಳೇ, ನಿಜವಾದ ಭಯ ನಿನ್ನೆ ಬೆಳಗ್ಗೆ ಬಂತು.

ಮನೆ ತುಂಬ ಹಳದಿ ಚೀಟಿಗಳಿವೆ. ಒಲೆಯ ಮೇಲೆ 'ಗ್ಯಾಸ್ ನೋಡಿ'. ಔಷಧದ ಡಬ್ಬಿಗೆ 'ನೀಲಿ ಮಾತ್ರೆ ಬೆಳಗ್ಗೆ, ಬಿಳಿ ಮಾತ್ರೆ ಊಟ ಆದ್ಮೇಲೆ'. ಬಾಗಿಲ ಚಿಲಕದ ಪಕ್ಕ 'ಬೀಗದ ಕೈ ಜೇಬಲ್ಲಿದ್ಯಾ?' ಹಡಗು ಹತ್ತುವ ಮುಂಚೆ ನೀನೇ ಅಂಟಿಸಿಹೋಗಿದ್ದೀ ಎಂದುಕೊಂಡಿದ್ದೆ. ಅಕ್ಷರ ನಿನ್ನದರಂತೆಯೇ ದುಂಡಗಿದೆಯಲ್ಲ! ಹಡಗಲ್ಲಿದ್ದರೂ ಇವಳ ಯಜಮಾನಿಕೆ ತಪ್ಪಿದ್ದಲ್ಲ ಎಂದು ನಗುತ್ತಾ, ಚೀಟಿ ಹೇಳಿದಂತೆ ನಡೆದುಕೊಳ್ಳುತ್ತಿದ್ದೆ. ನಿನ್ನೆ ಬಾಗಿಲಲ್ಲಿ ಹೊಸದೊಂದು ಇತ್ತು: 'ತಾತಾ, ಬ್ರೆಡ್ ಅಂಗಡಿಯಿಂದ ಬಲಕ್ಕೆ ತಿರುಗಿ. ನಿನ್ನೆ ಎಡಕ್ಕೆ ಹೋದ್ರಿ.'

ನಿನ್ನೆ! ನೀನು ಹೋಗಿ ನಾಲ್ಕು ತಿಂಗಳಾಯಿತು.

ಭಾನುವಾರ ಬ್ರೆಡ್ ತರಲು ಹೋದವನು ಅಂಗಡಿಯಿಂದ ಹೊರಬಂದೆ. ಬೀದಿ ಇತ್ತು, ಮನೆಗಳಿದ್ದವು, ಯಾವುದು ನಮ್ಮದೆಂದು ತಿಳಿಯಲಿಲ್ಲ. ಕಂಪನಿಯ ದಿನಗಳಲ್ಲಿ ಮಾತು ಮರೆತರೆ ಸೈಡ್‌ವಿಂಗಿನಲ್ಲಿ ಪುಸ್ತಕ ಹಿಡಿದ ಪ್ರಾಂಪ್ಟರ್ ಇರುತ್ತಿದ್ದ, ಒಂದು ಪದ ಪಿಸುಗುಟ್ಟಿದರೆ ಇಡೀ ಪುಟ ಎದ್ದುಬರುತ್ತಿತ್ತು. ಆ ಬೀದಿಯಲ್ಲಿ ಯಾರಿದ್ದರು? ಒಂದು ಗಂಟೆಯಾದ ಮೇಲೆ ದರ್ಜಿಯೊಬ್ಬ ಕೈಹಿಡಿದು ತಂದು ಗೇಟಿಗೆ ಬಿಟ್ಟ. 'ಹಳೇ ಸ್ನೇಹಿತ ಸಿಕ್ಕಿದ್ದ ಕಣೇ' ಎಂದು ಭರ್ಜರಿಯಾಗಿ ಅಭಿನಯಿಸಿದೆ. "ಹೌದಾ ತಾತಾ" ಎಂದು ಅವಳು ಸುಮ್ಮನೆ ಬ್ರೆಡ್ಡಿಗೆ ಬೆಣ್ಣೆ ಸವರಿದಳು. ನಮ್ಮ ಕಿಟಕಿಗೆ ಆ ಅಂಗಡಿ ಕಾಣುತ್ತದೆ, ಅವಳು ಎಲ್ಲವನ್ನೂ ನೋಡಿದ್ದಳು.

ಕನ್ನಡಕ ಹಾಕಿಕೊಂಡು ಒಂದೊಂದೇ ಚೀಟಿ ಓದಿದೆ. ಇಪ್ಪತ್ತಮೂರು. ಏನು ಬರೆದರೂ ತಾರೀಖು ಹಾಕು ಎಂದು ನೀನು ಅವಳಿಗೆ ಕಲಿಸಿದ್ದೆಯಲ್ಲ, ಪ್ರತಿಯೊಂದರ ಮೂಲೆಯಲ್ಲೂ ಇರುವೆಯಷ್ಟು ತಾರೀಖು. ಒಲೆಯ ಹಿಂದೆ, ನನ್ನ ಕಣ್ಣಿಗೆ ಬೀಳದ ಕಡೆ, ಒಂದಿತ್ತು: 'ಹೊಗೆ ಬಂತು. ನಾನು ಆರಿಸ್ದೆ. ತಾತ ಮಲಗಿದ್ರು. ಯಾರಿಗೂ ಹೇಳಲ್ಲ.' ಹೋದ ತಿಂಗಳ ಎಂಟನೇ ತಾರೀಖು. ಆ ಹೊಗೆ ನನಗೆ ನೆನಪೇ ಇಲ್ಲ, ಮಗಳೇ. ಎಷ್ಟು ತಡಕಿದರೂ ಇಲ್ಲ.

ನನ್ನ ಸಂಕಟ ಈಗ ತಿಳಿಯಿತೇ? ಪರೀಕ್ಷಕಿ ಕೇಳಿದ್ದು ಹತ್ತು. ಇವಳ ಬಳಿ ಇಪ್ಪತ್ತಮೂರಿವೆ. ಅವನ್ನು ತೋರಿಸಿದರೆ ಸೂಜಿ ಗೆಲ್ಲುತ್ತಾಳೆ, ಆದರೆ ಈ ಮುದುಕನ ಕೈಗೆ ಮಗುವನ್ನು ಯಾರು ಬಿಟ್ಟಾರು? ಹರಿದುಹಾಕಿದರೆ ಹುಡುಗಿ ಆ ಶಾಲೆಗೆ. ಒಂಬತ್ತು ವರ್ಷದ ಹುಡುಗಿಯ ಪಾತ್ರ ಕಟ್ಟಿ ಹತ್ತು ಸಾಲು ಹೇಳಿಕೊಡುವುದು ನನಗೇನು ದೊಡ್ಡ ವಿಷಯವೇ! ನಿನ್ನೆ ಸಂಜೆ ಶುರುವೂ ಮಾಡಿದೆ. ಅವಳು ಪೆನ್ಸಿಲ್ ಕೆಳಗಿಟ್ಟು ನನ್ನ ಮುಖ ನೋಡಿದಳು. ಅಷ್ಟೇ. ಸಾವಿರ ಪ್ರೇಕ್ಷಕರನ್ನು ಎದುರಿಸಿದವನು ಆ ಎರಡು ಕಣ್ಣಿಗೆ ಹೆದರಿ ಎದ್ದುಬಂದೆ.

ಈ ಪತ್ರ ನಿನ್ನ ಕೈಸೇರುವಷ್ಟರಲ್ಲಿ ಗುರುವಾರ ಕಳೆದಿರುತ್ತದೆ. ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ನನ್ನ ನೆನಪು ತಿಳಿಸು. ಗಾಳಿ ಜೋರಿದ್ದಾಗ ಡೆಕ್ಕಿಗೆ ಹೋಗಬೇಡ. ಕಾಯುವ ಶಕ್ತಿಗಳೆಲ್ಲ ನಿನ್ನನ್ನು ಕಾಯಲಿ.

ನಿನ್ನ ದಾರಿ ನೋಡುತ್ತಿರುವ
ಅಪ್ಪ

ಮತ್ತೆ ಬರೆಯುತ್ತಿದ್ದೇನೆ: ಲಕೋಟೆ ಹುಡುಕಲು ಎದ್ದಾಗ ಹನ್ನೊಂದೂವರೆ ಹೊಡೆಯಿತು. ಸೂಜಿ ತಾನಾಗಿ ಬಂದು ಮೇಜಿಗೆ ಕೂತಳು. ಇಬ್ಬರೂ ಸೇರಿ ಇಪ್ಪತ್ತಮೂರನ್ನೂ ಹೊಸ ನೋಟ್‌ಬುಕ್ಕಿಗೆ ಅಂಟಿಸಿದೆವು, ಹೊಗೆಯದನ್ನೂ ಬಿಡದೆ. ಅವಳು ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡಿದ್ದಳು, ನಾನೇ ಬಿಡಿಸಿದೆ. ಪರೀಕ್ಷಕಿಗೆ ಫೋನ್ ಮಾಡಿ ಎಲ್ಲ ಹೇಳಿದ್ದೇನೆ. ನೀನು ಬರುವವರೆಗೆ ಹಗಲಲ್ಲಿ ಒಬ್ಬರು ಮನೆಗೆ ಬಂದು ಜೊತೆಗಿರುವಂತೆ ನೋಡಿಕೊಳ್ಳುತ್ತಾರಂತೆ, ಆಮೇಲಿನದು ಆಮೇಲೆ. 'ಅಮ್ಮನಿಗೂ ಏನಾದ್ರೂ ಬರೀ' ಎಂದು ಹೇಳಿ ನಾನು ಬಾಗಿಲು ಎಳೆದುಕೊಂಡು ಹೊರಗೆ ನಿಂತೆ. ಇದರ ಜೊತೆಗಿರುವ ಚೀಟಿ ಅದು: 'ಅಮ್ಮಾ, ತಾತ ಚೆನ್ನಾಗಿದೀನಿ ಅಂತ ಬರೀತಾರೆ. ನಂಬಬೇಡ. ನಾನೊಬ್ಳೇ ನೋಡ್ಕೊಳ್ಳೋಕೆ ಆಗ್ತಿಲ್ಲ. ಬೇಗ ಬಾ.' ತಾರೀಖು ಮೂಲೆಯಲ್ಲಿದೆ, ನೋಡು. ನಾನು ಒಂದಕ್ಷರವನ್ನೂ ಹೇಳಿಕೊಟ್ಟಿಲ್ಲ.