ಹದಿನಾಲ್ಕನೆಯ ಮಂಚ

ಫೆಬ್ರವರಿ 7, ಶುಕ್ರವಾರ. ಬೆಳಿಗ್ಗೆ 8.10

ವಾಲಿಬಾಲನ್ನು ಗೋಡೆಗೆ ಇನ್ನೂರು ಲಿಫ್ಟ್. ಹಿಂದಕ್ಕೆ ಐವತ್ತು. ಬಲಗೈಯ ಹೆಬ್ಬೆರಳು ಇನ್ನೂ ಊದಿಕೊಂಡಿದೆ. ಮಸ್ಕತ್‌ನ ಘಾಲಾದಲ್ಲಿ ಗ್ಯಾರೇಜುಗಳ ಶಟರ್ ಎಲ್ಲ ಮುಚ್ಚಿದ್ದವು, ಹಿಂದಿನ ಮೈದಾನ ಪೂರ್ತಿ ನಮ್ಮದು. ನೆಟ್ಟಿನ ಒಂದು ತುದಿ ಲೈಟ್ ಕಂಬಕ್ಕೆ, ಇನ್ನೊಂದು ಕೆಟ್ಟು ನಿಂತ ರಿಕವರಿ ಗಾಡಿಯ ಕೊಕ್ಕೆಗೆ. ಎತ್ತರ ಕಮ್ಮಿ ಎಂದೆ.

"ಗಾಡಿಯ ಟಯರಿಗೆ ಗಾಳಿ ಇಲ್ಲ ಮಾರಾಯ್ತಿ, ನೆಟ್ಟಿನದ್ದು ತಪ್ಪಲ್ಲ" ಎಂದರು ಮುಹಿಯುದ್ದೀನ್ ಅಂಕಲ್.

ಆಡುವವರೆಲ್ಲ ಮೆಕ್ಯಾನಿಕ್‌ಗಳು, ಡ್ರೈವರ್‌ಗಳು. ಹುಡುಗಿ ನಾನೊಬ್ಬಳೇ, ಹೊಡೆಯುವವರಿಗೆ ಚೆಂಡು ಎತ್ತಿ ಕೊಡುವ ಸೆಟ್ಟರ್. ಮೂರು ವರ್ಷದ ಹಿಂದೆ ಪಪ್ಪನ ಕಾರು ರಿಪೇರಿಗೆ ಬಂದಾಗ ಗೆರೆಯ ಹೊರಗೆ ನಿಂತು ಚೆಂಡು ಹೆಕ್ಕಿ ಕೊಡುತ್ತಿದ್ದೆ. "ಒಳಗೆ ಬಾ, ಬೆರಳು ನೋಡುವ" ಎಂದು ಕರೆದವರು ಇವರೇ. ಊರು ಉಳ್ಳಾಲ. ಕೆಲಸ ಸ್ಪೇರ್ ಪಾರ್ಟ್ಸ್ ಸ್ಟೋರ್‌ಕೀಪರ್. ಅವರದು ಬ್ಯಾರಿ, ನಮ್ಮದು ಕೊಂಕಣಿ. ನಮ್ಮಿಬ್ಬರ ನಡುವೆ ಕನ್ನಡ.

ಎರಡು ಕಾಲೇಜಿನ ಬ್ರೋಷರ್ ಮೇಜಿನ ಮೇಲಿದೆ. ಹೆಸರು ಇಲ್ಲಿ ಬೇಡ. ಒಂದು ದೊಡ್ಡದು, ಮಂಗಳೂರಿನಲ್ಲಿ. ಇನ್ನೊಂದು ಸಣ್ಣದು, ಉಡುಪಿ ಕಡೆ. ನನ್ನ ಆಟದ ವಿಡಿಯೋ ನೋಡಿ ಎರಡೂ ಕಡೆಯವರು ಸ್ಪೋರ್ಟ್ಸ್ ಕೋಟಾ ಸೀಟು ಕೊಡುತ್ತೇವೆ ಎಂದಿದ್ದಾರೆ. ಫೀಸ್ ಇಲ್ಲ, ಹಾಸ್ಟೆಲ್ ಇದೆ. ಮೇ 15ರ ಒಳಗೆ ಉತ್ತರ ಕೊಡಬೇಕು. ಬ್ರೋಷರಿನ ತುಂಬ ಟ್ರೋಫಿ, ಹಾರ, ಅತಿಥಿಗಳು. ಬಿದ್ದ ಹುಡುಗಿಯನ್ನು ಯಾರಾದರೂ ಎತ್ತುತ್ತಿರುವ ಫೋಟೋ ಒಂದೂ ಇಲ್ಲ.

ಫೆಬ್ರವರಿ 11

ಶೂ ಡಬ್ಬಿಯ ಕರಪತ್ರಗಳನ್ನು ಮತ್ತೆ ಓದಿದೆ. ನಲವತ್ತೊಂದು. ಕೆಲವು ಊರಿನಿಂದ ತಂದವು, ಉಳಿದವು ಪಪ್ಪನ ಆಫೀಸ್ ಪ್ರಿಂಟರಿನಲ್ಲಿ ಕದ್ದು ತೆಗೆದವು. ವಿದ್ಯಾರ್ಥಿ ಹಕ್ಕು, ಹಾಸ್ಟೆಲ್ ಊಟ, ಆಟಗಾರ್ತಿಯರ ದುಡಿಮೆ. ಒಂದು ಸಾಲಿನ ಅಡಿಗೆ ಎರಡು ಗೆರೆ ಎಳೆದಿದ್ದೇನೆ: ಯಾರದೋ ದಯೆಯಿಂದ ಸಿಗುವುದು ಹಕ್ಕಲ್ಲ.

ಪಪ್ಪನಿಗೆ ಓದಿ ಹೇಳಿದೆ.

"ಫ್ರೀ ಸೀಟು ಕೊಡ್ತಾರೆ. ಥ್ಯಾಂಕ್ಸ್ ಹೇಳಿ ಹೋಗೋದು ಬಿಟ್ಟು ಅವರಿಗೇ ಇಂಟರ್‌ವ್ಯೂ ಮಾಡ್ತೀಯಾ?"

"ಹೌದು. ಮೂರು ವರ್ಷ ನನ್ನ ಮೊಣಕಾಲು ಅವರ ಕೈಯಲ್ಲಿ ಇರ್ತದೆ."

ಮಮ್ಮಿ ಒಳಗಿನಿಂದ, "ಸ್ಟೀಫನ್, ವಾದ ಮಾಡಬೇಡಿ, ಅವಳು ಪ್ರಿಂಟ್ ತೆಗೆದು ತರ್ತಾಳೆ" ಎಂದರು.

ಮಾರ್ಚ್ 14, ಶುಕ್ರವಾರ

ರಂಜಾನ್ ಉಪವಾಸ, ಆಟ ಇಲ್ಲ. ಅಂಕಲ್ ಮಾತ್ರ ಸಿಕ್ಕಿದರು. ಪೆರ್ನಾಲಿಗೆ, ಅಂದರೆ ಈದ್‌ಗೆ, ಊರಿಗೆ ಹೋಗುತ್ತಾರೆ, ಒಂದು ತಿಂಗಳ ರಜೆ.

ಇಲ್ಲಿಂದ ಊರಿಗೆ ಹೋಗುವವರ ಕೈಯಲ್ಲಿ ಎಲ್ಲರೂ ಏನಾದರೂ ಕಳಿಸುತ್ತಾರೆ — ಖರ್ಜೂರ, ಹಲ್ವಾ, ಹಾಲಿನ ಪುಡಿ. ನಾನು ಹನ್ನೆರಡು ಪ್ರಶ್ನೆ ಕಳಿಸುತ್ತಿದ್ದೇನೆ. ಎರಡೂ ಕಾಲೇಜಿಗೆ ಹೋಗಿ ಕಣ್ಣಾರೆ ನೋಡಿ ಬರೆದು ತರಬೇಕು. ಅಂಕಲ್ ಹಾಳೆಯನ್ನು ಬಿಸಿಲಿಗೆ ಹಿಡಿದು ಪೂರ್ತಿ ಓದಿದರು.

"ಫಿಸಿಕಲ್ ವೆರಿಫಿಕೇಶನ್ ಅಲ್ಲವಾ, ಎಣಿಸಿ ನೋಡಿ ಬರೆಯುವುದು? ಮೂವತ್ತು ವರ್ಷ ಅದೇ ಮಾಡಿದ್ದು ನಾನು. ಆದರೆ ಐದನೇದು — ಹೆಣ್ಣುಮಕ್ಕಳ ಬಾತ್‌ರೂಮಿನ ಚಿಲಕ. ನಾನು ಒಳಗೆ ಹೋದರೆ ಅಲ್ಲಿಂದ ಸೀದಾ ಸ್ಟೇಶನ್."

"ರುಕಿಯಾ ಆಂಟಿಯನ್ನು ಕರ್ಕೊಂಡು ಹೋಗಿ" ಎಂದೆ. ಆಂಟಿ ಅವರ ಹೆಂಡತಿ, ಊರಿನಲ್ಲೇ ಇರುವುದು.

"ಅವಳಿಗೆ ಪೆರ್ನಾಲ್ ಬಟ್ಟೆ ನಾನು ತೆಗೆದುಕೊಡಬೇಕು, ನಿನ್ನ ಚಿಲಕ ಅವಳು ನೋಡಬೇಕು. ಆಯ್ತು."

ಏಳನೆಯ ಪ್ರಶ್ನೆ ಮುಖ್ಯ ಎಂದು ಎರಡು ಸಲ ಹೇಳಿದೆ. ಗಾಯವಾಗಿ ಆಡಲಾಗದವಳು ಈಗ ಎಲ್ಲಿದ್ದಾಳೆ?

ಏಪ್ರಿಲ್ 4

ಹನ್ನೆರಡನೆಯ ಕ್ಲಾಸಿನ ಪರೀಕ್ಷೆ ಮುಗಿಯಿತು. ಅಂಕಲ್‌ರಿಂದ ಸುದ್ದಿ ಇಲ್ಲ.

ಏಪ್ರಿಲ್ 25, ಶುಕ್ರವಾರ. ಬೆಳಿಗ್ಗೆ 9

ಅಂಕಲ್ ಬಂದರು. ವರದಿ ನಾಲ್ಕು ಪುಟ. ಸ್ಟೋರಿನ ಅಕ್ಷರ, ಸ್ಟೋರಿನ ಭಾಷೆ. ಇಂಥ ಪ್ರಾಮಾಣಿಕ ಬರಹವನ್ನು ನಾನು ಯಾವ ಬ್ರೋಷರಿನಲ್ಲೂ ಓದಿಲ್ಲ.

ಸಣ್ಣ ಕಾಲೇಜು: "ಬಾಲ್ 9. ಅದರಲ್ಲಿ ಕಂಡೆಮ್ (ಉಪಯೋಗಕ್ಕಿಲ್ಲ) 4. ಅಂಗಣ ಮಣ್ಣಿನದು, ನೀರು ಹಾಕಿ ಗುಡಿಸಿದ್ದಾರೆ. ಕೋಚ್ ವಾರಕ್ಕೆ 2 ದಿನ. ಚಿಲಕ ಸರಿ (ರುಕಿಯಾ ನೋಡಿದ್ದು). ಪ್ರಶ್ನೆ 7: ಗಾಯದವರು ಕಾಣಲಿಲ್ಲ. ಕೇಳಿದೆ. ಮನೆಗೆ ಹೋಗ್ತಾರೆ ಅಂದರು."

ದೊಡ್ಡ ಕಾಲೇಜು: "ಬಾಲ್ 22, ಎಲ್ಲದಕ್ಕೂ ಗಾಳಿ ಸರಿ. ಒಳಾಂಗಣ, ಮರದ ನೆಲ. ಊಟಕ್ಕೆ ದಿನಾ ಮೊಟ್ಟೆ. ಚಿಲಕ 4ರಲ್ಲಿ 3. ಲೇಡೀಸ್ ಕೋಚ್ ಶಬ್ನಂ ಮೇಡಂ, ಸ್ವರ ದೊಡ್ಡದು, ಕೈ ಎತ್ತಿದ್ದು ನೋಡಲಿಲ್ಲ. ಪ್ರಶ್ನೆ 7: ಒಬ್ಬಳು ಕಂಡಳು. ರತ್ನಪ್ರಭಾ, ಎರಡನೇ ಬಿ.ಕಾಂ., ಸೆಟ್ಟರ್. ಬಲ ಮೊಣಕಾಲು ಆಪರೇಶನ್, ಆರು ತಿಂಗಳಿಂದ ಆಟ ಇಲ್ಲ. ಕುರ್ಚಿಯಲ್ಲಿ ಕೂತು ಸ್ಕೋರ್ ಬರೀತಾಳೆ. ಹಾಸ್ಟೆಲಿನಲ್ಲಿ ಮಂಚ ಈಗಲೂ ಉಂಟು. ಯಾವ ರೂಲಿನಲ್ಲಿ ಅಂತ ಕೇಳಿದೆ. ನಾನು ಇರುವಷ್ಟು ದಿನ ಉಂಟು ಅಂದರು ಮೇಡಂ. ಹುಡುಗಿ ನಂಬರ್ ಕೊಟ್ಟಿದ್ದಾಳೆ. ಕೇಳುವುದಿದ್ದರೆ ನನಗೇ ಕೇಳಲಿ ಅಂದಳು."

ಹಾಗಾದರೆ ಅವರಿಗೆ ಸೆಟ್ಟರ್ ಬೇಕಾದದ್ದು ಇದಕ್ಕೆ. ಅವಳ ಜಾಗಕ್ಕೆ ನಾನು.

ಅದೇ ದಿನ. ಸಂಜೆ

ಮತ್ತೆ ಮತ್ತೆ ಓದಿದೆ. ಆರು ತಿಂಗಳಿಂದ ಕುರ್ಚಿ. ಸ್ಕೋರ್ ಬರೆಯುವ ಬಿಟ್ಟಿ ಕೆಲಸ. ಮಂಚ ಇರುವುದು ಒಬ್ಬ ಕೋಚ್‌ನ ಮನಸ್ಸಿನ ಮೇಲೆ. ನಾಳೆ ಮೇಡಂ ವರ್ಗವಾಗಿ ಹೋದರೆ? ನಾಡಿದ್ದು ನನ್ನ ಮೊಣಕಾಲು ಹೋದರೆ?

ದೊಡ್ಡ ಕಾಲೇಜಿನ ಪ್ರಿನ್ಸಿಪಾಲರಿಗೆ ಇಂಗ್ಲಿಷಿನಲ್ಲಿ ಮೇಲ್ ಬರೆದೆ. ಎರಡು ಪುಟ. ಗಾಯಗೊಂಡ ಆಟಗಾರ್ತಿಗೆ ಹಾಸ್ಟೆಲ್ ಯಾವ ನಿಯಮದಡಿ ಸಿಗುತ್ತದೆ? ರತ್ನಪ್ರಭಾಗೆ ಸಿಕ್ಕಿರುವುದು ನಿಯಮವೋ ದಯೆಯೋ? ಅವಳ ದುಡಿಮೆಯ ಶೋಷಣೆ ಯಾಕೆ? ನನಗೆ ಬರಹದಲ್ಲಿ ಉತ್ತರ ಬೇಕು. ಕೆಳಗೆ ನನ್ನ ಹೆಸರು, ಜೆನಿಟಾ, ಮಸ್ಕತ್.

ಕಳಿಸಿದೆ. ಎದೆ ಹಗುರ. ಎಷ್ಟೋ ದಿನದ ಮೇಲೆ ಒಂದು ಕೆಲಸ ಮಾಡಿದಂತೆ ಅನಿಸಿತು.

ಮೇ 4, ಭಾನುವಾರ

ಉತ್ತರ ಬಂತು. ಕಾಲೇಜಿನ ಆಫೀಸಿನಿಂದ. ನಾಲ್ಕೇ ಸಾಲು. ಹಾಗೇ ನಕಲು ಮಾಡುತ್ತೇನೆ.

"ತಾವು ಗಮನಕ್ಕೆ ತಂದ ಲೋಪಕ್ಕಾಗಿ ಧನ್ಯವಾದ. ಆಟಗಾರರ ಪಟ್ಟಿಯಲ್ಲಿ ಇಲ್ಲದ ವಿದ್ಯಾರ್ಥಿನಿಯಿಂದ ಮಂಚವನ್ನು ತೆರವುಗೊಳಿಸಲಾಗಿದೆ. ಮಂಚ ಸಂಖ್ಯೆ 14 ಅನ್ನು ತಮ್ಮ ಹೆಸರಿಗೆ ಕಾದಿರಿಸಲಾಗಿದೆ. ಮೇ 15ರೊಳಗೆ ಒಪ್ಪಿಗೆ ತಿಳಿಸುವುದು."

ಮೇ 4. ಮಧ್ಯಾಹ್ನ

ಪಟ್ಟಿಯಲ್ಲಿ ಇಲ್ಲದ ವಿದ್ಯಾರ್ಥಿನಿ ಎಂದರೆ ರತ್ನಪ್ರಭಾ. ಪಪ್ಪ ಮೇಲ್ ನೋಡಿ, "ಕನ್ಫರ್ಮ್ ಆಯ್ತಲ್ಲ!" ಎಂದು ಬೆನ್ನು ತಟ್ಟಿದರು.

ಮೇ 5

ಶಾಲೆ ಮುಗಿದಿದೆ. ಘಾಲಾಕ್ಕೆ ಹೋದೆ. ಅಂಕಲ್ ಇಬ್ರಾ ಪಟ್ಟಣಕ್ಕೆ ಹೋಗುವ ಪಾರ್ಸೆಲ್ ಕಟ್ಟುತ್ತಿದ್ದರು. ಮೇಲ್ ತೋರಿಸಿದೆ. ನನ್ನದನ್ನೂ, ಅವರದನ್ನೂ. ಓದಿ ಕನ್ನಡಕ ತೆಗೆದರು. ಬಯ್ಯಲಿ ಎಂದು ಕಾದೆ.

"ನಾನು ಬರೆಯಬಾರದಿತ್ತು" ಎಂದರು.

"ನೀವಲ್ಲ, ಹೆಸರು ಹಾಕಿ ಬರೆದದ್ದು ನಾನು."

"ಕೇಳು ಮಗಾ. ಆ ಮೂಲೆಯಲ್ಲಿ ಜಾಕ್ ಉಂಟಲ್ಲ, ಕಂಡೆಮ್ ಆಗಿ ಹತ್ತು ವರ್ಷ. ರಿಜಿಸ್ಟರಿನಲ್ಲಿ ಇಲ್ಲ. ಪಕ್ಕದ ಗ್ಯಾರೇಜಿನ ಹುಡುಗರೆಲ್ಲ ಅದರಲ್ಲೇ ಗಾಡಿ ಎತ್ತುವುದು. ನಾನು ಒಂದು ದಿನ ಶಿಸ್ತಾಗಿ ಅದನ್ನು ಬರೆದೆ ಅಂತ ಇಟ್ಟುಕೊ. ಮರುದಿನ ಆಡಿಟರ್ ಬಂದು ಗುಜರಿಗೆ ಹಾಕ್ತಾನೆ. ಖಲಾಸ್."

"ಹಾಗಾದರೆ ರೂಲ್ ಬೇಡವಾ?"

"ಬೇಕು. ಹೊಸ ಜಾಕ್ ಬೇಕು ಅಂತ ನಾನು ವರ್ಷಕ್ಕೆ ಎರಡು ಸಲ ಬರೀತೇನೆ. ಹಳೇದರ ಹೆಸರು ಮಾತ್ರ ಎತ್ತುವುದಿಲ್ಲ." ಪಾರ್ಸೆಲಿಗೆ ಟೇಪ್ ಸುತ್ತುತ್ತಾ, "ಆ ಹುಡುಗಿ ನಂಬರ್ ಕೊಟ್ಟಿದ್ದಳಲ್ಲ. ಮಾಡಿದೆಯಾ?"

ಮಾಡಿರಲಿಲ್ಲ. ಹತ್ತು ದಿನ ಆ ನಂಬರ್ ನನ್ನ ಮೇಜಿನ ಮೇಲೇ ಇತ್ತು. ಅವಳ ಪರವಾಗಿ ಎರಡು ಪುಟ ಬರೆದೆ. ಅವಳನ್ನು ಒಂದು ಮಾತು ಕೇಳಲಿಲ್ಲ.

ಮೇ 6. ಮಧ್ಯಾಹ್ನ 3

ಫೋನ್ ಮಾಡಿದೆ. ಬಸ್ಸಿನ ಸದ್ದು. ಹೆಸರು ಹೇಳಿದೆ.

"ಓ, ಮಸ್ಕತ್ ಲೆಟರಾ? ಎಂತ ಇಂಗ್ಲಿಷ್ ಮಾರಾಯ್ತಿ ನಿಂದು. ಆಫೀಸಿನಲ್ಲಿ ನನ್ನ ಎದುರೇ ಓದಿದರು. ನಾನು ಶೋಷಿತೆ ಅಂತ ನನಗೇ ಗೊತ್ತಿರಲಿಲ್ಲ."

ಕ್ಷಮೆ ಕೇಳಿದೆ. ಏನು ಹೇಳಿದೆನೋ ಸರಿಯಾಗಿ ನೆನಪಿಲ್ಲ.

"ಕುರ್ಚಿ ನಾನೇ ತಂದು ಹಾಕಿಕೊಂಡದ್ದು, ಗೊತ್ತುಂಟಾ? ಆಟ ನೋಡದೆ ರೂಮಿನಲ್ಲಿ ಕೂತರೆ ಹುಚ್ಚು ಹಿಡೀತದೆ. ಸ್ಕೋರ್ ಬರೆದರೆ ಸೆಟ್ಟರ್ ಎಲ್ಲಿ ತಪ್ಪಿದ್ದು ಅಂತ ಕಾಣ್ತದೆ. ಮುಂದಿನ ವರ್ಷ ಅಂಗಣಕ್ಕೆ ಇಳಿಯುವ ಪ್ಲಾನ್ ಇತ್ತು."

ಈಗ ಬೆಳ್ತಂಗಡಿಯ ಮನೆಯಿಂದ ದಿನಾ ಬಸ್ಸು. ಹೋಗಲು ಎರಡು ಗಂಟೆ, ಬರಲು ಎರಡು. ಡಾಕ್ಟರು ನಿಲ್ಲಬೇಡ ಎಂದಿದ್ದಾರಂತೆ.

"ಸೀಟು ಸಿಕ್ಕಿದೆಯಾ?" ಎಂದೆ.

"ನಿನಗೆ ಸಿಕ್ಕಿದೆ. ನನಗೆ ಬಂಟ್ವಾಳ ದಾಟಿದ ಮೇಲೆ ನೋಡಬೇಕು."

ನಕ್ಕಳು. ನನಗೆ ನಗಲಾಗಲಿಲ್ಲ. ನಾನು ದೊಡ್ಡ ಕಾಲೇಜನ್ನು ಬಿಡುತ್ತೇನೆ ಎಂದೆ.

ನಗು ನಿಂತಿತು. "ನೀನು ಬಿಟ್ಟರೆ ನನ್ನ ಮಂಚ ವಾಪಸ್ ಬರ್ತದಾ? ಇನ್ನೊಬ್ಬಳು ಬರ್ತಾಳೆ. ಅವಳು ನನಗೆ ಫೋನೂ ಮಾಡುವುದಿಲ್ಲ. ನಿನ್ನ ಮನಸ್ಸಿಗೆ ಸಮಾಧಾನ ಆಗ್ತದೆ, ನನ್ನ ಕಾಲಿಗೆ ಎಂತ ಆಗ್ತದೆ?"

"ಹಾಗಾದರೆ ಏನು ಮಾಡಲಿ?"

"ಈಗ ಕೇಳಿದೆಯಲ್ಲ. ಸ್ವಲ್ಪ ಯೋಚನೆ ಮಾಡುವ."

ಮೇ 8

ಸಣ್ಣ ಕಾಲೇಜಿಗೆ ಹೋದರೆ ನಾನು ಶುದ್ಧ. ಗಾಯವಾದವಳನ್ನು ಮನೆಗೆ ಕಳಿಸುವ ಜಾಗಕ್ಕೆ ಹೋಗಿ ಶುದ್ಧಳಾಗುವುದು.

ನಿಯಮ ಬೇಕು. ಅದನ್ನು ಬಿಟ್ಟುಕೊಡುವುದಿಲ್ಲ. ಮೇಡಂನ ದಯೆ ಒಂದು ಮೇಲ್‌ಗೆ ಬಿದ್ದುಹೋಯಿತು — ನನ್ನ ಕರಪತ್ರ ಹೇಳಿದ್ದು ಸುಳ್ಳಲ್ಲ. ಬೀಳಿಸಿದವಳು ನಾನೇ, ಅಷ್ಟೇ. ಆದರೆ ನಿಯಮ ಬರುವವರೆಗೆ ಅವಳು ಎಲ್ಲಿ ಮಲಗಬೇಕು? ನಲವತ್ತೊಂದನ್ನೂ ತಿರುವಿ ಹಾಕಿದೆ. ಆ ಪ್ರಶ್ನೆ ಒಂದರಲ್ಲೂ ಇಲ್ಲ.

ಮೇ 9, ಶುಕ್ರವಾರ. ಬೆಳಿಗ್ಗೆ 7.30

ಐದೂವರೆಗೇ ಸೆಕೆ. ಚೆಂಡು ಬೆವರಿಗೆ ಜಾರುತ್ತದೆ. ಮೂರು ಸಲ ತಪ್ಪು ಲಿಫ್ಟ್ ಕೊಟ್ಟೆ. ಬ್ರೇಕಿನಲ್ಲಿ ಅಂಕಲ್ ಕರಕ್ ಚಹಾ ಕೊಟ್ಟು ಪಕ್ಕ ಕೂತರು.

"ಒಂದು ಮಾತು ಹೇಳ್ತೇನೆ. ಇದು ಬರೆಯುವುದಕ್ಕೆ ಅಲ್ಲ."

"ಹೇಳಿ."

"ಕಿನ್ನಿಗೋಳಿಯಲ್ಲಿ ನಿನ್ನ ಅಜ್ಜಿಯ ಮನೆ ಉಂಟಲ್ಲ?"

ಮುಂದಿನದ್ದನ್ನೂ ಹೇಳಿದರು. ಆಟ ಮುಗಿದ ಮೇಲೆ ರತ್ನಪ್ರಭಾಗೆ ಫೋನ್ ಮಾಡಿ ಮೊದಲು ಅವಳನ್ನೇ ಕೇಳಿದೆ.

"ನಿನಗೆ ದಿನಾ ಬೆಳಿಗ್ಗೆ ಅಜ್ಜಿಯ ಮನೆಯಿಂದ ಪ್ರಾಕ್ಟೀಸಿಗೆ ಬಸ್ಸು?"

"ನನ್ನ ಮೊಣಕಾಲು ಸರಿ ಉಂಟು."

"ಮೇಡಂಗೆ ನಾನು ಹೇಳ್ತೇನೆ. ನೀನು ಮೇಲ್ ಮಾಡಬೇಡ."

ಮೇ 12

ಎರಡನೇ ಪತ್ರ. ಸಾಲು ಸಾಲಾಗಿ ಅವಳಿಗೆ ಫೋನಿನಲ್ಲಿ ಓದಿದೆ. ಈ ಸಲ ಕನ್ನಡದಲ್ಲಿ. ಅವಳು ಕತ್ತರಿಸುತ್ತಾ ಹೋದಳು.

"'ಶೋಷಣೆ' ತೆಗೆ."

"ಅದು ಸತ್ಯ."

"ಇರಲಿ. ಆ ಶಬ್ದ ನೋಡಿದ ಮೇಲೆ ಅವರು ಮುಂದಿನದ್ದು ಓದುವುದಿಲ್ಲ. 'ವ್ಯವಸ್ಥೆ' ಎಷ್ಟು ಸಲ ಉಂಟು?"

"ಆರು."

"ಒಂದು ಸಾಕು. ಹುಡುಗಿಯರು ಎಷ್ಟು ಜನ ಅಂತ ಬರಿ. ಐದು ವರ್ಷದಲ್ಲಿ ಮೊಣಕಾಲು ಹೋದವರು ಒಂಬತ್ತು, ಕೋರ್ಸ್ ಮುಗಿಸಿದವರು ನಾಲ್ಕು. ಹೆಸರು ಬೇಡ. ನನ್ನ ಹತ್ತಿರ ಲೆಕ್ಕ ಉಂಟು, ಸ್ಕೋರ್ ಬುಕ್ಕಿನ ಹಿಂದೆ ಬರೆದಿದ್ದೇನೆ."

ಸ್ಕೋರ್ ಬುಕ್ಕಿನ ಹಿಂದೆ! ಅವಳ ಕೈಯಲ್ಲಿ ಇಂಥದ್ದೊಂದು ಇದೆ ಎಂದು ತಿಳಿಯದೆ ನಾನು ಅವಳಿಗೆ ಹಕ್ಕಿನ ಪಾಠ ಹೇಳಲು ಹೊರಟಿದ್ದೆ.

ಪತ್ರ ಕೊನೆಗೆ ಹನ್ನೊಂದು ಸಾಲು. ಗಾಯಗೊಂಡ ಆಟಗಾರ್ತಿಗೆ ಕೋರ್ಸ್ ಮುಗಿಯುವವರೆಗೆ ಹಾಸ್ಟೆಲ್ ಎಂದು ನಿಯಮ ಮಾಡಿ. ನಾನು ಬರೆದದ್ದರಲ್ಲಿ ಇದೇ ಚಿಕ್ಕದು. ಇದೇ ಗಟ್ಟಿ.

ಮೇ 14, ಬುಧವಾರ

ನಿನ್ನೆ ರಿಸಲ್ಟ್. 83 ಪರ್ಸೆಂಟ್. ಪಪ್ಪ ಆಫೀಸಿಗೆಲ್ಲ ಸ್ವೀಟ್ ಹಂಚಿದರು.

ಇವತ್ತು ಒಪ್ಪಿಗೆ ಕಳಿಸಿದೆ. ದೊಡ್ಡ ಕಾಲೇಜಿನ ಸೀಟು, ಒಪ್ಪಿದ್ದೇನೆ. ಮಂಚ ಸಂಖ್ಯೆ 14, ನನ್ನ ಹೆಸರಿನಲ್ಲಿ, ಒಪ್ಪಿದ್ದೇನೆ. ಜತೆಗೆ ಹನ್ನೊಂದು ಸಾಲಿನ ಪತ್ರ. ಉತ್ತರ ಬಾರದಿದ್ದರೆ ಜುಲೈಯಲ್ಲಿ ಹೋಗಿ ಕೈಯಲ್ಲೇ ಕೊಡುತ್ತೇನೆ. ಅದಕ್ಕೂ ಬಾರದಿದ್ದರೆ ಮತ್ತೆ. ವರ್ಷಕ್ಕೆ ಎರಡು ಸಲ.

ಮೇ 16, ಶುಕ್ರವಾರ. ಬೆಳಿಗ್ಗೆ

ಇನ್ನೂರು ಲಿಫ್ಟ್. ಹೆಬ್ಬೆರಳು ಸರಿಯಾಗಿದೆ.

ಕಿನ್ನಿಗೋಳಿಯಿಂದ ಮಂಗಳೂರಿಗೆ ಮೊದಲ ಬಸ್ಸು ಎಷ್ಟು ಗಂಟೆಗೆ ಎಂದು ಮಮ್ಮಿಯನ್ನು ಕೇಳಿದೆ.

"ಹಾಸ್ಟೆಲ್ ಸಿಕ್ಕಿದವಳಿಗೆ ಬಸ್ಸು ಎಂತಕ್ಕೆ?"

ಮಮ್ಮಿ ದೋಸೆ ಮಗುಚಿ ಹಾಕಿ, ನನ್ನ ಮುಖ ನೋಡಿ, ಇನ್ನೊಂದು ಪ್ರಶ್ನೆ ಕೇಳಲಿಲ್ಲ. "ಮೊದಲು ಐದು ಹತ್ತಕ್ಕೆ ಇತ್ತು. ಈಗಿನದ್ದು ಅಜ್ಜಿಗೆ ಕೇಳಬೇಕು. ಅವರಿಗೆ ಖುಷಿಯಾಗ್ತದೆ" ಎಂದರು. ಇನ್ನೊಂದು ದೋಸೆ ಹೊಯ್ಯುತ್ತಾ, "ಪಪ್ಪನಿಗೆ ನಾನು ಹೇಳ್ತೇನೆ. ನಿಧಾನಕ್ಕೆ."

10.40

ರತ್ನಪ್ರಭಾ ಮೆಸೇಜ್: "ಇವತ್ತಿನಿಂದ ಬಸ್ಸಿಲ್ಲ. ಕೀ ಸಿಕ್ಕಿತು."

ಅದರ ಹಿಂದೆಯೇ ಶಬ್ನಂ ಮೇಡಂ ಫೋನ್. ಸ್ವರ ದೊಡ್ಡದೇ. "ನೀನೇನಾ ಎಲ್ಲ ಬರೆದಿಡುವವಳು?" ಎಂದರು. ಹೌದು ಮ್ಯಾಮ್ ಎಂದೆ. ಆಮೇಲೆ ಏನು ಏರ್ಪಾಡು ಮಾಡಿದ್ದಾರೆಂದು ಮೊದಲಿನಿಂದ ಕೊನೆಯವರೆಗೆ ಹೇಳಿದರು.

ಈ ಪುಸ್ತಕವನ್ನು ಯಾರೂ ಓದುವುದಿಲ್ಲ. ಆದರೂ... ಇವತ್ತಿನ ದಿನ ಬರೆಯಲೇಬೇಕಾದದ್ದು ಒಂದೇ. ಹದಿನಾಲ್ಕನೆಯ ಮಂಚದಲ್ಲಿ ಇನ್ನು ಮುಂದೆ... ಇಲ್ಲ, ಇದು ಬರೆಯುವುದಕ್ಕೆ ಅಲ್ಲ.