ಗುರುವಾರ ತುಂಬಲಿರುವ ಟ್ಯಾಂಕು

ತರಬೇತಿ ಸಂಸ್ಥೆಯ ಮಾನ್ಯ ನಿರ್ದೇಶಕರೇ,

ನಾನು ಹೆದರಿದ್ದೇನೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಮೂರು ದಿನದ ಶಿಬಿರದಲ್ಲಿ ಹೆದರಿಕೆಗೆಂದು ಒಂದು ಅವಧಿಯೂ ಇರಲಿಲ್ಲ. ನೀರು ಸರಬರಾಜಿನ ಎಂಜಿನಿಯರಾದ ನನ್ನನ್ನು ನೀವು ಸಮನ್ವಯಕಾರನನ್ನಾಗಿ ಮಾಡಿ ಕಳಿಸಿದಿರಿ. ಬೇರೆಬೇರೆ ಹಿತಾಸಕ್ತಿಯವರನ್ನು ಒಂದೆಡೆ ಕೂರಿಸಿ ಒಮ್ಮತ ಮೂಡಿಸುವುದು ಈಗ ನನ್ನ ಹೊಣೆ. ಶಿಬಿರದಲ್ಲಿ ನಿವಾಸಿಯೂ ನಾವೇ, ಗುತ್ತಿಗೆದಾರನೂ ನಾವೇ, ಕೆಲಸಗಾರನೂ ನಾವೇ. ಸಿಟ್ಟಿನ ನಿವಾಸಿಯ ಪಾತ್ರ ವಹಿಸಿದ್ದ ಅಧಿಕಾರಿಯೊಬ್ಬರು ನಾಲ್ಕು ಗಂಟೆಯ ಚಹಾ ಬರುತ್ತಲೇ ಒಪ್ಪಿಬಿಟ್ಟರು. ನಾವು ಚಪ್ಪಾಳೆ ತಟ್ಟಿದೆವು. ನಿಜವಾದ ಕೆಲಸಗಾರನೊಬ್ಬನನ್ನು ಕರೆಸಿದ್ದರೆ ನಿಮ್ಮ ಕುರ್ಚಿಗಳು ಸವೆಯುತ್ತಿದ್ದವೇ?

ನಿನ್ನೆ ಸೋಮವಾರ, ನಿವಾಸಿಗಳು, ದುರಸ್ತಿ ಮಾಡಿದ ಗುತ್ತಿಗೆದಾರರು, ಕೆಲಸಗಾರರು ಕೂಡಿದ ನನ್ನ ಮೊದಲ ಸಭೆ ನಡೆಯಿತು. ಕಂಬಗಳ ಮೇಲೆ ನಿಂತಿರುವ, ದುರಸ್ತಿಯಾದ ಹಳೆಯ ನೀರಿನ ಟ್ಯಾಂಕನ್ನು ಗುರುವಾರ ಪೂರ್ತಿ ತುಂಬಬಹುದೇ ಎಂಬುದು ಪ್ರಶ್ನೆ. ಒಪ್ಪದವರು ಎದ್ದು ಗೋಡೆಗೆ ಕೆಂಪು ಚೀಟಿ ಅಂಟಿಸಬೇಕು, ಅಂಟಿಸದವರು ಒಪ್ಪಿದಂತೆ. ಮೌನಂ ಸಮ್ಮತಿಲಕ್ಷಣಂ ಎಂದು ಪಾಠ ಹೇಳಿದವರು ನೀವೇ ತಾನೇ? ಗೋಡೆ ಖಾಲಿ ಉಳಿಯಿತು. ‘ಸರ್ವಾನುಮತ’ ಎಂದು ಬರೆದು, ಹೆಮ್ಮೆಯಿಂದ ಸಹಿ ಹಾಕಿದೆ.

ಮೆಟ್ಟಿಲಿಳಿಯುವಾಗ, ಆ ಟ್ಯಾಂಕಿನ ವಾಲ್ವ್ ತಿರುಗಿಸುವ ಹಿರಿಯರು ನನ್ನನ್ನು ಪಕ್ಕಕ್ಕೆ ಕರೆದರು.

“ಕಂಬದ ಬುಡದಲ್ಲಿ ಬೆರಳು ತೂರೋಷ್ಟು ಬಿರುಕಿತ್ತು ಸಾರ್. ಮೇಲೆ ಸಿಮೆಂಟ್ ಬಳಿದಿದ್ದಾರೆ, ಅಷ್ಟೆ. ಒಳಗೆ ಹಾಗೇ ಇದೆ.”

ಸಭೆಯಲ್ಲೇಕೆ ಹೇಳಲಿಲ್ಲ ಎಂದು ಕೇಳಿದೆ.

“ಗುತ್ತಿಗೆದಾರರು ಎದುರಿಗೇ ಕೂತಿದ್ರಲ್ಲ. ನನ್ನ ಕೆಲಸ ಇರೋದು ಅವರ ಕೈಲಿ.”

ಇದನ್ನು ನಿಮಗೆ ಬರೆಯಲೇ ಎಂದು ಇಂದು ಬೆಳಿಗ್ಗೆ ಅವರನ್ನೇ ಕೇಳಿದೆ. ಬರೀರಿ ಎಂದರು.

ಟ್ಯಾಂಕಿನ ಕೆಳಗೆ ಹನ್ನೆರಡು ಮನೆಗಳಿವೆ. ಅದರಲ್ಲೊಂದರಲ್ಲಿ ನನ್ನ ಅಕ್ಕ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂತಿರುತ್ತಾಳೆ. ಸೋಮವಾರ ಸಂಜೆಯೇ ಓಡಿದೆ. ಬಾಯಿ ತೆರೆಯುವ ಮೊದಲೇ ಅವಳು, “ಸಹಿ ಹಾಕಿದ್ದು ನೀನೇ ಅಂತೆ. ಇನ್ನು ನಮಗೇನು ಭಯ ಬಿಡೋ” ಎಂದಳು. ಏನೂ ಹೇಳದೆ ಎದ್ದು ಬಂದೆ. ನನ್ನ ಆ ಮೌನವನ್ನೂ ಸಮ್ಮತಿಯ ಲೆಕ್ಕಕ್ಕೇ ಹಾಕುತ್ತೀರಾ ಸ್ವಾಮಿ?

ಕೆಟ್ಟ ಮೇಲೆ ಬುದ್ಧಿ ಬಂತು ಎನ್ನಿ, ಒಪ್ಪುತ್ತೇನೆ. ಆದರೆ ಟ್ಯಾಂಕು ಇನ್ನೂ ತುಂಬಿಲ್ಲ. ಒಮ್ಮೆ ಮೂಡಿದ ಒಮ್ಮತವನ್ನು ರದ್ದುಪಡಿಸಲು ನಿಮ್ಮ ಸಂಸ್ಥೆಯ ಒಪ್ಪಿಗೆ ಬೇಕೆಂದು ನನ್ನ ಮೇಲಧಿಕಾರಿಗಳು ಹೇಳುತ್ತಾರೆ. ನನ್ನ ಸಭೆ ಅಸಿಂಧು ಎಂದು ಇಂದೇ ಬರೆದುಕೊಡಿ. ಯಜಮಾನನ ಎದುರು ಬಾಯಿ ಬಿಡಲಾಗದವರನ್ನು ಬೇರೆ ಕೂರಿಸಿ ಕೇಳುವುದನ್ನು ಮುಂದಿನ ಶಿಬಿರದ ಮೊದಲ ದಿನವೇ ಕಲಿಸಿ. ನಿಮ್ಮ ಪತ್ರ ಬರಲಿ, ಬಾರದಿರಲಿ, ನಾಳೆ ಬುಧವಾರ ಬೆಳಿಗ್ಗೆ ಹನ್ನೆರಡೂ ಬಾಗಿಲು ತಟ್ಟಿ, ನನ್ನ ಸಹಿಯನ್ನು ನಂಬಬೇಡಿ ಎಂದು ಹೇಳಲಿದ್ದೇನೆ. ಮೊದಲು ಅಕ್ಕನ ಮನೆ. ಅಲ್ಲಿ ಹೇಳುವುದಕ್ಕೇ ನನಗೆ ಎಲ್ಲಕ್ಕಿಂತ ಹೆಚ್ಚು ಭಯ.

ಇಂತಿ,
ಪ್ರಥಮ ದರ್ಜೆಯ ಪ್ರಮಾಣಪತ್ರ ಪಡೆದೂ ತನ್ನ ಸಹಿಯನ್ನೇ ನಂಬದ
ನಿಮ್ಮ ಶಿಬಿರಾರ್ಥಿ